ಮಾತ್ರೆ ನಿಲ್ಲಿಸುವ ದಿನವನ್ನೂ ಬರೆಯಿಸಿ: ಆರೋಗ್ಯ ಸಚಿವರಿಗೂ ಔಷಧ ನಿಯಂತ್ರಣಾಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ, ಹಾಗೂ ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳು, ಬೆಂಗಳೂರು.

ಮಾನ್ಯರೇ,

ನಾನು ಹನುಮಂತನಗರದ ಒಂದು ಅಡ್ಡರಸ್ತೆಯಲ್ಲಿ 23 ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿರುವ ನೋಂದಾಯಿತ ಫಾರ್ಮಸಿಸ್ಟ್. ಬೆಳಿಗ್ಗೆ ಬಾಗಿಲು ತೆರೆದ ಮೇಲೆ ನನ್ನ ಕಿವಿಗೆ ಬೀಳುವ ಮೊದಲ ಮಾತು ಬಹುತೇಕ ದಿನಗಳಲ್ಲಿ ಒಂದೇ: "ಅಕ್ಕಾ, ಒಂದು ಶೀಟು ಗ್ಯಾಸ್ ಮಾತ್ರೆ ಕೊಡಿ." ಕೈಯಲ್ಲಿ ವೈದ್ಯರ ಚೀಟಿ ಇರುವುದಿಲ್ಲ. ಕೇಳಿದರೆ, "ಡಾಕ್ಟ್ರು ಹಿಂದೆ ಬರೆದುಕೊಟ್ಟಿದ್ದರಲ್ಲ, ಅದೇ" ಎನ್ನುತ್ತಾರೆ. ಹಿಂದೆ ಎಂದರೆ ಎಷ್ಟು ಹಿಂದೆ ಎಂದು ವಿಚಾರಿಸಿದಾಗ ಕೆಲವರು ಎರಡು ವರ್ಷ ಎಂದಿದ್ದಾರೆ, ಕೆಲವರು ಮಗಳ ಮದುವೆಯ ವರ್ಷ ಎಂದಿದ್ದಾರೆ, ಒಬ್ಬ ಹಿರಿಯರು ತಾವು ಕೆಲಸದಿಂದ ನಿವೃತ್ತರಾದಾಗಿನಿಂದ ಎಂದಿದ್ದಾರೆ. ಆ ಹಿರಿಯರು ನಿವೃತ್ತರಾಗಿ 11 ವರ್ಷವಾಗಿತ್ತು.

ಈ ಪತ್ರದಲ್ಲಿ ನಾನು ತಮ್ಮ ಮುಂದಿಡಬೇಕಾದ ಕೋರಿಕೆ ಒಂದೇ. ನಮ್ಮ ರಾಜ್ಯದಲ್ಲಿ ಮಾತ್ರೆಯನ್ನು ಎಂದು ಆರಂಭಿಸಬೇಕು, ದಿನಕ್ಕೆ ಎಷ್ಟು ಬಾರಿ ನುಂಗಬೇಕು ಎಂಬುದನ್ನು ಹೇಗೋ ಜನರಿಗೆ ತಿಳಿಸುತ್ತೇವೆ. ಎಂದು ನಿಲ್ಲಿಸಬೇಕು ಎಂಬುದನ್ನು ತಿಳಿಸುವುದಿಲ್ಲ. ಹೀಗೆ ಕೊನೆಯ ದಿನವಿಲ್ಲದೆ ಮುಂದುವರಿಯುವ ಸಾಮಾನ್ಯ ಔಷಧಗಳ ಭಾರವನ್ನು ಮೊದಲು ಹೊರುವುದು ಜಠರ ಮತ್ತು ಕರುಳು. ನಿಲ್ಲಿಸುವ ದಿನವನ್ನು ಕನ್ನಡದಲ್ಲಿ, ರೋಗಿಯ ಕೈಗೆ ಹೋಗುವ ಕವರಿನ ಮೇಲೆ, ಕಡ್ಡಾಯವಾಗಿ ಬರೆಯುವಂತೆ ಮಾಡಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಮನೆಯ ವಿಷಯವನ್ನೇ ಹೇಳಬೇಕು, ಏಕೆಂದರೆ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ನನ್ನ ಅಮ್ಮನಿಗೆ 2009ರಿಂದ ಸಕ್ಕರೆ ಕಾಯಿಲೆ. ಅಂದಿನಿಂದ ದಿನಕ್ಕೆರಡು ಮೆಟ್‌ಫಾರ್ಮಿನ್ ಮಾತ್ರೆ. 2016ರಲ್ಲಿ ಮಂಡಿನೋವು ಹೆಚ್ಚಾದಾಗ ವೈದ್ಯರು ಐದು ದಿನಕ್ಕೆ ನೋವಿನ ಮಾತ್ರೆ ಬರೆದರು. ಅದು ಹೊಟ್ಟೆಗೆ ತೊಂದರೆ ಮಾಡದಿರಲೆಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ, ಜನ ಗ್ಯಾಸ್ ಮಾತ್ರೆ ಎನ್ನುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನೂ ಜೊತೆಗೆ ಬರೆದರು. ಆ ಸಲಹೆ ಸರಿಯಾಗಿಯೇ ಇತ್ತು. ಐದು ದಿನದ ನಂತರ ನೋವಿನ ಮಾತ್ರೆ ನಿಂತಿತು, ಪ್ಯಾಂಟೊಪ್ರಜೋಲ್ ನಿಲ್ಲಲಿಲ್ಲ. ಅಮ್ಮನಿಗೆ ಅದು ಹಿತವೆನಿಸಿತ್ತು. ಅಂಗಡಿ ನಮ್ಮದೇ ಆಗಿದ್ದರಿಂದ ಚೀಟಿಯ ಪ್ರಶ್ನೆಯೂ ಬರಲಿಲ್ಲ. ತಿಂಗಳಿಗೆ ಎರಡು ಸ್ಟ್ರಿಪ್ ನಾನೇ ಮನೆಗೆ ಒಯ್ಯುತ್ತಿದ್ದೆ. ಹೀಗೆ ಆರು ವರ್ಷ ನಡೆಯಿತು.

2022ರ ಮಳೆಗಾಲದಲ್ಲಿ ಅಮ್ಮ ಅಂಗಾಲು ಜುಮುಜುಮು ಎನ್ನುತ್ತದೆ, ಚಪ್ಪಲಿ ಕಾಲಿನಿಂದ ಕಳಚಿಕೊಂಡರೂ ಗೊತ್ತಾಗುವುದಿಲ್ಲ ಎನ್ನಲು ತೊಡಗಿದರು. ಸಕ್ಕರೆ ಕಾಯಿಲೆಯಿಂದ ನರಗಳಿಗೆ ಆಗುವ ತೊಂದರೆ ಎಂದೇ ನಾವೆಲ್ಲರೂ ಭಾವಿಸಿದೆವು. ನಡೆಯುವಾಗ ತೂಗಾಡುವುದು, ಮಧ್ಯಾಹ್ನವೆಲ್ಲ ಮಂಪರು, ಮಾತಿನ ಮಧ್ಯೆ ಹೆಸರುಗಳನ್ನು ಮರೆಯುವುದು ಶುರುವಾದ ಮೇಲೆ ಒಬ್ಬ ಯುವ ವೈದ್ಯೆ ಬಿ12 ಜೀವಸತ್ವದ ರಕ್ತ ಪರೀಕ್ಷೆ ಮಾಡಿಸಿದರು. ಫಲಿತಾಂಶ ಕನಿಷ್ಠ ಮಿತಿಗಿಂತ ಬಹಳ ಕೆಳಗಿತ್ತು. ಚುಚ್ಚುಮದ್ದುಗಳ ನಂತರ ಮಂಪರು ಹೋಯಿತು, ನೆನಪು ಬಹುಮಟ್ಟಿಗೆ ಮರಳಿತು. ಅಂಗಾಲಿನ ಜೋಮು ಇಂದಿಗೂ ಪೂರ್ತಿ ಹೋಗಿಲ್ಲ.

ಇದು ಹೇಗೆ ಆಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಿ12 ನಮ್ಮ ಆಹಾರದಲ್ಲಿ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವ ಕೆಲಸಕ್ಕೆ ಜಠರದ ಆಮ್ಲ ಬೇಕು. ಬಿಡಿಸಿಕೊಂಡ ಬಿ12 ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ರಕ್ತಕ್ಕೆ ಸೇರುತ್ತದೆ. ಪ್ಯಾಂಟೊಪ್ರಜೋಲಿನಂಥ ಮಾತ್ರೆ ಮೊದಲ ಹಂತದಲ್ಲಿ ಆಮ್ಲವನ್ನು ತಡೆಯುತ್ತದೆ. ಮೆಟ್‌ಫಾರ್ಮಿನ್ ಕೊನೆಯ ಹಂತದಲ್ಲಿ ಹೀರಿಕೆಗೆ ಅಡ್ಡಿಯಾಗುತ್ತದೆ. ಅಮ್ಮನಂತೆ ಮಾಂಸ ಮೊಟ್ಟೆ ಮುಟ್ಟದವರಿಗೆ ಬಿ12 ಸಿಗುವುದೇ ಹಾಲು ಮೊಸರಿನಿಂದ. ಸಿಗುವ ಆ ಸ್ವಲ್ಪಕ್ಕೂ ಎರಡು ಕಡೆ ತಡೆ ಬಿದ್ದಂತಾಯಿತು. ಯಕೃತ್ತಿನಲ್ಲಿ ಬಿ12 ದಾಸ್ತಾನು ವರ್ಷಗಟ್ಟಲೆ ಉಳಿಯುವುದರಿಂದ ಕೊರತೆ ಬೇಗ ಕಾಣಿಸುವುದಿಲ್ಲ. ಕಾಣಿಸಿದಾಗ ಅದನ್ನು ಯಾರೂ ಒಂದು ಗ್ಯಾಸ್ ಮಾತ್ರೆಯೊಂದಿಗೆ ಜೋಡಿಸಿ ನೋಡುವುದಿಲ್ಲ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಈ ವರ್ಗದ ಮಾತ್ರೆ ನುಂಗಿದವರಲ್ಲಿ ಬಿ12 ಕೊರತೆ ಹೆಚ್ಚು ಕಾಣುತ್ತದೆಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2013ರಲ್ಲೇ ತೋರಿಸಿತ್ತು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಅಪಾಯದ ಕಾರಣಗಳಿರುವವರಿಗೆ ಬಿ12 ಪ್ರಮಾಣವನ್ನು ಆಗಾಗ ಪರೀಕ್ಷಿಸುವಂತೆ ವೈದ್ಯರಿಗೆ ಸೂಚಿಸಿತು. ಅದೇ ವರ್ಷ ನನ್ನ ಅಮ್ಮ ಹನುಮಂತನಗರದ ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಿದ್ದರು.

ಅಮ್ಮನ ಕೊರತೆಯಲ್ಲಿ ಯಾವ ಮಾತ್ರೆಯ ಪಾಲು ಎಷ್ಟು, ಆಹಾರದ ಪಾಲು ಎಷ್ಟು ಎಂದು ತೂಗಿ ಹೇಳಲಾಗದು. ಆದರೆ ಐದು ದಿನಕ್ಕೆಂದು ಬಂದ ಮಾತ್ರೆ ಆರು ವರ್ಷ ಉಳಿಯಲು ಕಾರಣವೇ ಇರಲಿಲ್ಲ ಎಂಬುದನ್ನು ಖಚಿತವಾಗಿ ಹೇಳಬಲ್ಲೆ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಇಸೊಮೆಪ್ರಜೋಲ್ ಇವೆಲ್ಲ ಒಂದೇ ಕುಟುಂಬದ ಔಷಧಗಳು. ಜಠರದ ಗೋಡೆಯ ಕೋಶಗಳಲ್ಲಿ ಆಮ್ಲವನ್ನು ಹೊರಕ್ಕೆ ತಳ್ಳುವ ಪಂಪಿನಂಥ ಒಂದು ಪ್ರೋಟೀನ್ ಇದೆ. ಇವು ಅದಕ್ಕೆ ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸುತ್ತವೆ. 1980ರ ದಶಕದ ಕೊನೆಯಲ್ಲಿ ಒಮೆಪ್ರಜೋಲ್ ಮಾರುಕಟ್ಟೆಗೆ ಬಂದ ಮೇಲೆ ಹೊಟ್ಟೆಯ ಹುಣ್ಣಿನಿಂದ ನರಳುತ್ತಿದ್ದ ಅಸಂಖ್ಯಾತ ಜನರಿಗೆ ದೊಡ್ಡ ನೆಮ್ಮದಿ ಸಿಕ್ಕಿತು. ಈ ಔಷಧಗಳ ಬಗ್ಗೆ ನನಗಿರುವುದು ಗೌರವವೇ. ರಕ್ತಸ್ರಾವವಾದ ಹುಣ್ಣು ಇರುವವರಿಗೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಎರಡೆರಡು ಮಾತ್ರೆ ನುಂಗುವವರಿಗೆ, ಅನ್ನನಾಳದ ತೀವ್ರ ಗಾಯವಿರುವವರಿಗೆ ಇವು ದೀರ್ಘಕಾಲ ಬೇಕಾಗಬಹುದು. ಅಂಥವರು ಈ ಪತ್ರವನ್ನು ಓದಿ ತಮ್ಮಷ್ಟಕ್ಕೆ ತಾವೇ ಮಾತ್ರೆ ಬಿಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಆದರೆ ಆಮ್ಲವಿರುವುದು ಎದೆಯುರಿ ಕೊಡುವುದಕ್ಕಲ್ಲ. ನಾವು ಉಸಿರಿನೊಂದಿಗೆ, ಎಂಜಲಿನೊಂದಿಗೆ, ತಿನಿಸಿನೊಂದಿಗೆ ನುಂಗುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಜಠರದಲ್ಲೇ ಸಾಯಲಿ ಎಂದು ದೇಹ ಇಟ್ಟುಕೊಂಡಿರುವ ಕಾವಲು ಅದು. ಕಾವಲು ಸಡಿಲವಾದಾಗ ಏನಾಗುತ್ತದೆ ಎಂಬುದನ್ನು ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನ ಸಂಶೋಧಕರು 1815 ಜನರ ಮಲದ ಮಾದರಿಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಈ ಮಾತ್ರೆ ನುಂಗುವವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಕಡಿಮೆಯಾಗಿತ್ತು, ಬಾಯಿಯಲ್ಲಿ ಇರಬೇಕಾದ ಜಾತಿಗಳು ಕರುಳಿನಲ್ಲಿ ಹೆಚ್ಚಾಗಿದ್ದವು. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯೆಂದು ಅಂದಾಜು. ಬಹುಪಾಲು ವಾಸಿಸುವುದು ದೊಡ್ಡ ಕರುಳಿನಲ್ಲಿ. ನಾವು ಉಣ್ಣುವ ರಾಗಿ, ಬೇಳೆ, ಸೊಪ್ಪಿನ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ, ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರವೇ ಅದು. ಅಂಥ ನೆಲೆಯಲ್ಲಿ ನಿವಾಸಿಗಳು ಬದಲಾದರೆ ಪರಿಣಾಮ ಮಲ ಪರೀಕ್ಷೆಯ ಕಾಗದಕ್ಕಷ್ಟೇ ಸೀಮಿತವಾಗುವುದಿಲ್ಲ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ತರುವ, ಬಿಡದೆ ಕಾಡುವ ಭೇದಿಗೂ ಈ ಮಾತ್ರೆಗಳಿಗೂ ಸಂಬಂಧವಿರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2012ರಲ್ಲೇ ಎಚ್ಚರಿಕೆ ಕೊಟ್ಟಿತು. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಮಿತಿಮೀರಿ ಬೆಳೆಯುವುದಕ್ಕೂ ಈ ಮಾತ್ರೆಗಳಿಗೂ ನಂಟು ಕಂಡುಬಂದಿದೆ. ಹಾಗೆ ಬೆಳೆದಾಗ ಕಾಣಿಸುವ ಲಕ್ಷಣ ಹೊಟ್ಟೆ ಉಬ್ಬರ, ತೇಗು, ವಾಯು. ಜನ ಅದನ್ನು "ಗ್ಯಾಸ್" ಎಂದು ಕರೆದು ಇನ್ನೊಂದು ಸ್ಟ್ರಿಪ್ ಕೇಳಲು ಬರುತ್ತಾರೆ.

ನಿಲ್ಲಿಸಲು ಹೊರಟವರಿಗೆ ಇನ್ನೊಂದು ಕಷ್ಟವಿದೆ. ಅದನ್ನು ಕೌಂಟರಿನ ಈಚೆ ನಿಂತು ನಾನು ನೂರಾರು ಬಾರಿ ಕಂಡಿದ್ದೇನೆ. "ನಾಲ್ಕು ದಿನ ಬಿಟ್ಟು ನೋಡಿದೆ ಅಕ್ಕಾ, ಎದೆಯೆಲ್ಲ ಬೆಂಕಿ, ನನಗೆ ಇದಿಲ್ಲದೆ ಆಗೋದೇ ಇಲ್ಲ" ಎಂದು ಮರಳಿ ಬರುತ್ತಾರೆ. ಆಮ್ಲವನ್ನು ವಾರಗಟ್ಟಲೆ ತಡೆದು ಒಮ್ಮೆಲೇ ಬಿಟ್ಟಾಗ ಜಠರ ಮೊದಲಿಗಿಂತ ಹೆಚ್ಚು ಆಮ್ಲ ಸುರಿಸುತ್ತದೆ. ಡೆನ್ಮಾರ್ಕಿನಲ್ಲಿ ಯಾವ ಹೊಟ್ಟೆಯ ತೊಂದರೆಯೂ ಇಲ್ಲದ 120 ಆರೋಗ್ಯವಂತರ ಮೇಲೆ ನಡೆದ ಒಂದು ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಎಂಟು ವಾರ ಇಸೊಮೆಪ್ರಜೋಲ್ ನುಂಗಿ ನಿಲ್ಲಿಸಿದ ಗುಂಪಿನಲ್ಲಿ 44 ಶೇಕಡಾ ಜನರಿಗೆ ಎದೆಯುರಿ, ಹುಳಿತೇಗಿನಂಥ ಲಕ್ಷಣಗಳು ಕಾಣಿಸಿಕೊಂಡವು. ಔಷಧವೇ ಇಲ್ಲದ ಹುಸಿಮಾತ್ರೆ ನುಂಗಿದ ಗುಂಪಿನಲ್ಲಿ 15 ಶೇಕಡಾ ಮಾತ್ರ. ಕಾಯಿಲೆಯೇ ಇಲ್ಲದವರಲ್ಲಿ ಮಾತ್ರೆಯನ್ನು ಬಿಟ್ಟದ್ದೇ ಕಾಯಿಲೆಯ ಲಕ್ಷಣ ತಂದಿತು. ಈ ಉರಿ ತಾತ್ಕಾಲಿಕ, ವೈದ್ಯರ ಸಲಹೆಯಂತೆ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತ ಬಂದರೆ ಬಹಳ ಜನರಿಗೆ ಬಿಡಲು ಸಾಧ್ಯ ಎಂಬ ಒಂದು ವಾಕ್ಯ ಕನ್ನಡದಲ್ಲಿ ಅವರ ಕೈಗೆ ಸಿಕ್ಕಿದ್ದರೆ, ಅವರಲ್ಲಿ ಎಷ್ಟೋ ಮಂದಿ ನನ್ನ ಅಂಗಡಿಗೆ ಮರಳುತ್ತಿರಲಿಲ್ಲ.

ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರುವ ಒಮೆಪ್ರಜೋಲ್ ಪೆಟ್ಟಿಗೆಯ ಮೇಲೆ, ಒಂದು ಸಲಕ್ಕೆ 14 ದಿನ ಮಾತ್ರ, ವೈದ್ಯರು ಹೇಳದ ಹೊರತು ನಾಲ್ಕು ತಿಂಗಳೊಳಗೆ ಮತ್ತೊಮ್ಮೆ ಬೇಡ ಎಂದು ಅಚ್ಚಾಗಿರುತ್ತದೆ. ನಮ್ಮಲ್ಲಿ ಪ್ಯಾಂಟೊಪ್ರಜೋಲ್ ಷೆಡ್ಯೂಲ್ ಎಚ್ ಔಷಧ. ಚೀಟಿಯಿಲ್ಲದೆ ಮಾರಬಾರದೆಂಬ ಎಚ್ಚರಿಕೆ ಸ್ಟ್ರಿಪ್ಪಿನ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ, ಎಷ್ಟು ದಿನ ಎಂಬ ಮಾತು ಇರುವುದಿಲ್ಲ. ಇನ್ನೊಂದು ಸಂಗತಿ ಕೌಂಟರಿನ ಒಳಗೆ ನಿಂತವರಿಗೆ ಮಾತ್ರ ಕಾಣುವಂಥದ್ದು. ಹತ್ತು ಮಾತ್ರೆಯ ಸ್ಟ್ರಿಪ್ಪಿನಿಂದ ನಾಲ್ಕನ್ನು ಕತ್ತರಿಸಿ ಕೊಟ್ಟಾಗ ಆ ಎಚ್ಚರಿಕೆಯ ಚೌಕ ಹೆಚ್ಚಾಗಿ ನಮ್ಮ ಡ್ರಾಯರಿನಲ್ಲೇ ಉಳಿಯುತ್ತದೆ, ಕೆಲವೊಮ್ಮೆ ಔಷಧದ ಹೆಸರೂ ಅದರ ಜೊತೆ ಉಳಿಯುತ್ತದೆ. ರೋಗಿ ಮನೆಗೆ ಒಯ್ಯುವುದು ಹೊಳೆಯುವ ತಗಡಿನ ಒಂದು ತುಂಡನ್ನು, ಅದರ ಮೇಲೆ ಪೆನ್ನಿನಲ್ಲಿ ನಾವು ಎಳೆದ ಎರಡು ಗೆರೆಗಳನ್ನು.

ಗ್ಯಾಸ್ ಮಾತ್ರೆಯ ಔಷಧಕ್ಕೆ ಡೊಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲುಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ವಾಂತಿ, ವಾಕರಿಕೆಗೆ ಕೆಲವು ದಿನ ಕೊಡಬೇಕಾದ ಔಷಧವದು; ಹೃದಯದ ಲಯ ತಪ್ಪುವ ಅಪಾಯವನ್ನು ಗಮನಿಸಿ ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಅದನ್ನು ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬಳಸಬಾರದೆಂದು ಮಿತಿ ಹಾಕಿತು. ನಮ್ಮ ಬಡಾವಣೆಯಲ್ಲಿ ಅದನ್ನು ಊಟಕ್ಕೆ ಮುಂಚಿನ ನಿತ್ಯದ ಮಾತ್ರೆಯೆಂದು ವರ್ಷಗಟ್ಟಲೆ ನುಂಗುವವರಿದ್ದಾರೆ.

ಇನ್ನು ನೋವಿನ ಮಾತ್ರೆಗಳು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳು, ದಿನಕ್ಕೆ ಹನ್ನೆರಡು ಗಂಟೆ ಬೈಕಿನ ಮೇಲಿರುವ ಡೆಲಿವರಿ ಹುಡುಗರು, ಆಟೋ ಓಡಿಸುವ ಅಣ್ಣಂದಿರು ಸಂಜೆ ಏಳರ ನಂತರ "ಮೈಕೈ ನೋವಿಗೆ ಸ್ಟ್ರಾಂಗಾಗಿರೋದು ಒಂದೆರಡು ಕೊಡಿ" ಎಂದು ಕೇಳುತ್ತಾರೆ. ಅವರ ನೋವು ನಿಜವಾದದ್ದು. ಮರುದಿನ ಕೆಲಸಕ್ಕೆ ಹೋಗದಿದ್ದರೆ ಆ ದಿನದ ಸಂಬಳವಿಲ್ಲ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್‌ಗಳು ನೋವನ್ನು ತಗ್ಗಿಸುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ತಡೆಯುವ ಮೂಲಕ. ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆಂದು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಜಠರದ ಲೋಳೆಪೊರೆಯನ್ನು, ಅದಕ್ಕೆ ಬೇಕಾದ ರಕ್ತದ ಹರಿವನ್ನು ಕಾಯುವುದೂ ಅದೇ ಪ್ರೊಸ್ಟಗ್ಲಾಂಡಿನ್‌ಗಳು. ನೋವು ಇಳಿದ ಹಾಗೆಯೇ ಆ ರಕ್ಷಣೆಯೂ ಇಳಿಯುತ್ತದೆ.

ಗ್ಯಾಸ್ ಮಾತ್ರೆ ಜೊತೆಗಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ ಎರಡನ್ನೂ ಸೇರಿಸಿದ ಕ್ಯಾಪ್ಸೂಲುಗಳೇ ಮಾರಾಟದಲ್ಲಿವೆ. ಜಠರದ ಮಟ್ಟಿಗೆ ಆ ನಂಬಿಕೆಯಲ್ಲಿ ಸತ್ಯವಿದೆ. ಕೆಳಗಿರುವ ಸಣ್ಣ ಕರುಳಿನಲ್ಲಿ ಆಮ್ಲವೇ ಇಲ್ಲದಿರುವುದರಿಂದ ಅಲ್ಲಿಗೆ ಆ ರಕ್ಷಣೆ ತಲುಪುವುದಿಲ್ಲ. ಕ್ಯಾಮೆರಾ ಇರುವ ಕ್ಯಾಪ್ಸೂಲನ್ನು ನುಂಗಿಸಿ ಒಳಗನ್ನು ನೋಡುವ ವಿಧಾನ ಬಂದ ಮೇಲೆ, 2005ರ ಒಂದು ಸಣ್ಣ ಅಧ್ಯಯನದಲ್ಲಿ ದೀರ್ಘಕಾಲ ಇಂಥ ನೋವಿನ ಮಾತ್ರೆ ನುಂಗುತ್ತಿದ್ದವರಲ್ಲಿ 71 ಶೇಕಡಾ ಜನರ ಸಣ್ಣ ಕರುಳಿನಲ್ಲಿ ಗಾಯಗಳು ಕಂಡವು. ನುಂಗದವರಲ್ಲಿ 10 ಶೇಕಡಾ. ಆ ಗಾಯಗಳಿಂದ ರಕ್ತ ಹನಿಹನಿಯಾಗಿ ಸೋರಿದರೆ ಹೊಟ್ಟೆ ನೋಯುವುದಿಲ್ಲ, ಹಿಮೋಗ್ಲೋಬಿನ್ ಮಾತ್ರ ಇಳಿಯುತ್ತದೆ. ಅದಕ್ಕೆ ಕಬ್ಬಿಣದ ಮಾತ್ರೆ ಬರೆಯುತ್ತಾರೆ, ಅದರಿಂದ ಮಲಬದ್ಧತೆಯಾಗುತ್ತದೆ, ಅದಕ್ಕೆ ರಾತ್ರಿ ಮಲಗುವಾಗ ಮಲ ಸಡಿಲಿಸುವ ಮಾತ್ರೆ ಸೇರುತ್ತದೆ. ನಾಲ್ಕು ಔಷಧಗಳ ಚೀಟಿಯಲ್ಲಿ ಮೊದಲನೆಯದರ ಕೊನೆಯ ದಿನವನ್ನು ಬರೆದಿದ್ದರೆ ಉಳಿದ ಮೂರರ ಅಗತ್ಯವೇ ಬೀಳುತ್ತಿರಲಿಲ್ಲ ಎನ್ನಿಸಿದ ಸಂದರ್ಭಗಳನ್ನು ನಾನು ನೋಡಿದ್ದೇನೆ.

ಆಂಟಿಬಯೋಟಿಕ್‌ಗಳ ವಿಷಯದಲ್ಲಿ ಸಮಸ್ಯೆ ಸ್ವಲ್ಪ ಬೇರೆ. ಅಲ್ಲಿ ಕೊನೆಯ ದಿನ ಸಾಮಾನ್ಯವಾಗಿ ಚೀಟಿಯಲ್ಲಿರುತ್ತದೆ. ಮೊದಲ ದಿನವೇ ಬೇಕಾಗಿರಲಿಲ್ಲ ಎಂಬುದು ಅಲ್ಲಿನ ತೊಂದರೆ. ನೆಗಡಿ, ಗಂಟಲು ಕೆರೆತಕ್ಕೆ "ಮೂರು ದಿನದ ಮಾತ್ರೆ" ಎಂದು ಅಜಿತ್ರೊಮೈಸಿನ್ ಕೇಳುತ್ತಾರೆ. ಹೊರಗೆ ತಿಂದು ಭೇದಿಯಾದರೆ ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಸೇರಿದ ಮಾತ್ರೆ ಕೇಳುತ್ತಾರೆ. ಅಂಥ ಬಹುಪಾಲು ಭೇದಿಗಳಿಗೆ ಬೇಕಾದದ್ದು ಓಆರ್‌ಎಸ್ ಮತ್ತು ಒಂದೆರಡು ದಿನದ ತಾಳ್ಮೆ. ಆಂಟಿಬಯೋಟಿಕ್ ಕಾಯಿಲೆ ತಂದ ಬ್ಯಾಕ್ಟೀರಿಯಾವನ್ನು ಮಾತ್ರ ಹುಡುಕಿ ಕೊಲ್ಲುವುದಿಲ್ಲ. ಡೆನ್ಮಾರ್ಕಿನಲ್ಲಿ 12 ಆರೋಗ್ಯವಂತ ಪುರುಷರಿಗೆ ನಾಲ್ಕು ದಿನ ಮೂರು ಪ್ರಬಲ ಆಂಟಿಬಯೋಟಿಕ್‌ಗಳನ್ನು ಕೊಟ್ಟು ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು: ಕರುಳಿನ ಸೂಕ್ಷ್ಮಜೀವಿಗಳ ಸಮುದಾಯ ಸುಮಾರು ಒಂದೂವರೆ ತಿಂಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಂಡರೂ, ಮೊದಲು ಎಲ್ಲರಲ್ಲೂ ಇದ್ದ ಒಂಬತ್ತು ಜಾತಿಗಳು 180 ದಿನಗಳ ನಂತರವೂ ಪತ್ತೆಯಾಗಲಿಲ್ಲ. ಮಾತ್ರೆ ನುಂಗಿದ್ದು ನಾಲ್ಕು ದಿನ, ನಷ್ಟ ಉಳಿದದ್ದು ಆರು ತಿಂಗಳು. ಸ್ಟ್ರಿಪ್ಪಿನ ಜೊತೆಗೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಲ್ಯಾಕ್ಟೋಬ್ಯಾಸಿಲಸ್ ಕ್ಯಾಪ್ಸೂಲ್ ಕೊಟ್ಟರೆ ಎಲ್ಲ ಸರಿಹೋಗುತ್ತದೆಂದು ನಾನೂ ಬಹಳ ವರ್ಷ ನಂಬಿದ್ದೆ. ಅವು ಆಂಟಿಬಯೋಟಿಕ್‌ನಿಂದಾಗುವ ಭೇದಿಯನ್ನು ಕೆಲವರಲ್ಲಿ ತಡೆಯುತ್ತವೆ. ಆದರೆ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು ಅದೇ 2018ರಲ್ಲಿ ತೋರಿಸಿದಂತೆ, ಹೊರಗಿನಿಂದ ಬಂದ ಆ ಬ್ಯಾಕ್ಟೀರಿಯಾಗಳು ವ್ಯಕ್ತಿಯ ಸ್ವಂತ ಸೂಕ್ಷ್ಮಜೀವಿಗಳು ಮರಳಿ ನೆಲೆಗೊಳ್ಳುವುದನ್ನು ತಡಮಾಡಲೂಬಹುದು.

ಆಂಟಿಬಯೋಟಿಕ್ ಅಲ್ಲದ ಔಷಧಗಳೂ ಕರುಳಿನ ಬ್ಯಾಕ್ಟೀರಿಯಾಗಳನ್ನು ಮುಟ್ಟುತ್ತವೆ ಎಂಬುದು ಔಷಧಶಾಸ್ತ್ರ ಓದಿದ ನನ್ನಂಥವರಿಗೂ ತಡವಾಗಿ ತಿಳಿದ ಸಂಗತಿ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಯುರೋಪಿಯನ್ ಅಣುಜೀವಶಾಸ್ತ್ರ ಪ್ರಯೋಗಾಲಯದವರು ಸಾವಿರಕ್ಕೂ ಹೆಚ್ಚು ಔಷಧಗಳನ್ನು 40 ಬಗೆಯ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗಿಸಿದಾಗ, ಮನುಷ್ಯನ ಕೋಶಗಳಿಗೆಂದೇ ರೂಪಿಸಿದ ಔಷಧಗಳಲ್ಲಿ 24 ಶೇಕಡಾ ಔಷಧಗಳು ಕನಿಷ್ಠ ಒಂದು ಬಗೆಯ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆದವು. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಕಂಡದ್ದೆಲ್ಲ ಹೊಟ್ಟೆಯೊಳಗೂ ಹಾಗೆಯೇ ನಡೆಯಬೇಕೆಂದಿಲ್ಲ. ಮೆಟ್‌ಫಾರ್ಮಿನ್ ವಿಷಯದಲ್ಲಿ ಮಾತ್ರ ಮನುಷ್ಯರಲ್ಲೇ ಅದು ಕಂಡಿದೆ: ಸಕ್ಕರೆ ಕಾಯಿಲೆಯಿಂದಲೇ ಆದದ್ದೆಂದು ತಿಳಿದಿದ್ದ ಕರುಳಿನ ಕೆಲವು ಬದಲಾವಣೆಗಳು ವಾಸ್ತವವಾಗಿ ಮೆಟ್‌ಫಾರ್ಮಿನ್‌ನಿಂದ ಆದವೆಂದು 2015ರಲ್ಲಿ ತಿಳಿದುಬಂತು. ಆ ಬದಲಾವಣೆಗಳಲ್ಲಿ ಕೆಲವು ಒಳ್ಳೆಯವೇ ಇರಬಹುದು. ಮೆಟ್‌ಫಾರ್ಮಿನ್ ನಿಲ್ಲಿಸಬೇಕಾದ ಮಾತ್ರೆಯಲ್ಲ. ಆದರೆ ಆರಂಭದ ವಾರಗಳಲ್ಲಿ ಭೇದಿ, ವಾಕರಿಕೆ ಬಂದಾಗ ಅದನ್ನು ಊಟದೊಂದಿಗೆ ನುಂಗಬೇಕು, ಪ್ರಮಾಣವನ್ನು ನಿಧಾನವಾಗಿ ಏರಿಸಬೇಕು, ತಾಳದಿದ್ದರೆ ನಿಧಾನವಾಗಿ ಕರಗುವ ಬಗೆಯನ್ನು ವೈದ್ಯರಲ್ಲಿ ಕೇಳಬೇಕು ಎಂದು ಯಾರೂ ಹೇಳದೆ, ಜನ ತಾವಾಗಿಯೇ ಅದನ್ನು ಬಿಟ್ಟು ಸಕ್ಕರೆ ಏರಿಸಿಕೊಳ್ಳುತ್ತಾರೆ. ತಿಳಿಸದಿರುವುದರಿಂದ ಬೇಡದ ಮಾತ್ರೆ ಉಳಿಯುತ್ತದೆ, ಬೇಕಾದ ಮಾತ್ರೆ ಹೋಗುತ್ತದೆ.

ಮಾನ್ಯರೇ, ಹೊಸ ಕಾನೂನನ್ನು ನಾನು ಕೇಳುತ್ತಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮದಲ್ಲಿ ಬೇಕಾದದ್ದು ಬಹುಪಾಲು ಈಗಾಗಲೇ ಇದೆ. ಚೀಟಿಯಲ್ಲಿ ವೈದ್ಯರ ಸಹಿ ಮತ್ತು ದಿನಾಂಕವಿರಬೇಕು, ಕೊಡಬೇಕಾದ ಔಷಧದ ಒಟ್ಟು ಪ್ರಮಾಣ ಮತ್ತು ನುಂಗುವ ಪ್ರಮಾಣ ಎರಡನ್ನೂ ಬರೆದಿರಬೇಕು, ಮತ್ತೊಮ್ಮೆ ಕೊಡಬಹುದೆಂದು ವೈದ್ಯರೇ ಬರೆಯದಿದ್ದರೆ ಒಂದು ಚೀಟಿಗೆ ಒಂದು ಸಲಕ್ಕಿಂತ ಹೆಚ್ಚು ಔಷಧ ಕೊಡಬಾರದು ಎಂದು ಆ ನಿಯಮ ಹೇಳುತ್ತದೆ. ಒಟ್ಟು ಪ್ರಮಾಣ ಗೊತ್ತಿದ್ದರೆ ನಿಲ್ಲಿಸುವ ದಿನವನ್ನು ಬೆರಳೆಣಿಕೆಯಲ್ಲೇ ಲೆಕ್ಕ ಹಾಕಬಹುದು. 2015ರ ಫಾರ್ಮಸಿ ವೃತ್ತಿ ನಿಯಮಾವಳಿ ರೋಗಿಗೆ ತಿಳಿವಳಿಕೆ ಕೊಡುವ ಹೊಣೆಯನ್ನು ನನ್ನಂಥ ಫಾರ್ಮಸಿಸ್ಟ್‌ಗಳ ಮೇಲೆ ಹೊರಿಸಿದೆ. ಆ ಹೊಣೆಯನ್ನು ನಾವು ಎಷ್ಟರಮಟ್ಟಿಗೆ ನಿಭಾಯಿಸುತ್ತಿದ್ದೇವೆಂದು ಇಲಾಖೆ ಬಂದು ಕೇಳಲಿ. ನನ್ನ ಅಂಗಡಿಯಿಂದಲೇ ಕೇಳಲಿ.

ನಾನು ಕೇಳುವುದು ಹೀಗಿದೆ. ರಾಜ್ಯದ ಪ್ರತಿಯೊಂದು ಔಷಧಿ ಅಂಗಡಿಯೂ, ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಔಷಧ ತಲುಪಿಸುವ ಆ್ಯಪ್‌ಗಳೂ, ಮಾತ್ರೆ ಹಾಕಿ ಕೊಡುವ ಕವರಿನ ಮೇಲೆ ಔಷಧದ ಹೆಸರು, ಯಾವುದಕ್ಕೆ, ಊಟಕ್ಕೆ ಮುಂಚೆಯೋ ನಂತರವೋ, ಮತ್ತು "ಈ ದಿನಾಂಕದವರೆಗೆ ಮಾತ್ರ" ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆದು ಕೊಡುವಂತೆ ಇಲಾಖೆ ಆದೇಶ ಹೊರಡಿಸಬೇಕು. ದೀರ್ಘಕಾಲ ಬೇಕಾದ ಮಾತ್ರೆಯಾದರೆ ದಿನಾಂಕದ ಜಾಗದಲ್ಲಿ ಮತ್ತೆ ವೈದ್ಯರನ್ನು ಕಾಣಬೇಕಾದ ತಿಂಗಳನ್ನು ಬರೆಯಬೇಕು. ಈ ಆದೇಶ ಎಲ್ಲರಿಗೂ ಒಂದೇ ದಿನದಿಂದ, ಒಂದೇ ರೀತಿಯಲ್ಲಿ ಅನ್ವಯವಾಗದಿದ್ದರೆ ಪ್ರಯೋಜನವಿಲ್ಲ. ನಾನು ಚೀಟಿ ಕೇಳಿದಾಗ ಗ್ರಾಹಕರು ಪಕ್ಕದ ಬೀದಿಗೆ ಹೋಗುತ್ತಾರೆ, ಅಲ್ಲಿ ಪ್ರಶ್ನೆಯಿಲ್ಲದೆ ಸಿಗುತ್ತದೆ. ನಿಯಮ ಪಾಲಿಸುವ ಅಂಗಡಿ ಬಾಡಿಗೆ ಕಟ್ಟಲಾಗದೆ ಮುಚ್ಚುವ ಸ್ಥಿತಿ ಬರಬಾರದು. ಪಕ್ಕದ ಕೇರಳದ ಔಷಧ ನಿಯಂತ್ರಣ ಇಲಾಖೆ 2024ರಲ್ಲಿ "ಆಪರೇಷನ್ ಅಮೃತ್" ಹೆಸರಿನಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ದಿಢೀರ್ ತಪಾಸಣೆಗೆ ಇಳಿಯಿತು. ಅಂಥ ತಪಾಸಣೆ ಇಲ್ಲಿಯೂ ಆಗಲಿ ಎಂದು ಒಬ್ಬ ಅಂಗಡಿಯವಳಾಗಿಯೇ ಕೇಳುತ್ತಿದ್ದೇನೆ.

ಸರ್ಕಾರದ "ನಮ್ಮ ಕ್ಲಿನಿಕ್"ಗಳಲ್ಲಿ, ಮನೆ ಬಾಗಿಲಿಗೆ ಬರುವ "ಗೃಹ ಆರೋಗ್ಯ" ಯೋಜನೆಯಲ್ಲಿ ಸಕ್ಕರೆ ಕಾಯಿಲೆಗೆ ಔಷಧ ಪಡೆಯುವವರನ್ನು "ಹೊಟ್ಟೆಗೆ ಬೇರೆ ಮಾತ್ರೆ ನುಂಗುತ್ತಿದ್ದೀರಾ, ಎಷ್ಟು ವರ್ಷದಿಂದ" ಎಂದು ಕೇಳುವ ಒಂದು ಅಂಕಣವನ್ನು ಸೇರಿಸಿ, ಹೌದೆಂದವರಿಗೆ ಬಿ12 ಪರೀಕ್ಷೆಯನ್ನು ಉಚಿತವಾಗಿ ಮಾಡಿಸಬೇಕು. ಪರೀಕ್ಷೆಗೆ ಖಾಸಗಿ ಪ್ರಯೋಗಾಲಯದಲ್ಲಿ ತಗಲುವ ಹಣವನ್ನು ನೋಡಿ ಹಿಂದೆ ಸರಿಯುವವರೇ ಹೆಚ್ಚು. ಅವರ ಪೈಕಿ ಅಂಗಾಲಿನ ಜೋಮನ್ನು ವಯಸ್ಸಿನ ತೊಂದರೆಯೆಂದು ಸಹಿಸಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ಔಷಧದ ಅಡ್ಡಪರಿಣಾಮವನ್ನು ರೋಗಿಯೇ ತಿಳಿಸಬಹುದಾದ ವ್ಯವಸ್ಥೆ ದೇಶದಲ್ಲಿದೆ. ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕರೆ ಮಾಡಬಹುದು. ಗ್ರಾಹಕರಿಗಾಗಿ ಕನ್ನಡದ ಅರ್ಜಿ ನಮೂನೆಯೂ ಇದೆ. 23 ವರ್ಷಗಳಲ್ಲಿ ಆ ನಮೂನೆಯನ್ನು ಕೇಳಿಕೊಂಡು ನನ್ನ ಅಂಗಡಿಗೆ ಒಬ್ಬರೂ ಬಂದಿಲ್ಲ, ಏಕೆಂದರೆ ಅದು ಇರುವುದೇ ಯಾರಿಗೂ ಗೊತ್ತಿಲ್ಲ. ಪರವಾನಗಿ ಪತ್ರವನ್ನು ಗೋಡೆಗೆ ತೂಗುಹಾಕುವಂತೆ ಈ ಸಂಖ್ಯೆಯನ್ನೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ತೂಗುಹಾಕುವುದನ್ನು ಕಡ್ಡಾಯ ಮಾಡಬೇಕು.

ವೈದ್ಯರನ್ನು ದೂರುವ ಉದ್ದೇಶ ನನಗಿಲ್ಲ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬ ವೈದ್ಯರ ಮುಂದೆ ಒಂದು ಬೆಳಿಗ್ಗೆ ಎಷ್ಟು ಜನ ಸಾಲು ನಿಲ್ಲುತ್ತಾರೆಂದು ನಾನು ಬಲ್ಲೆ. ಅವರಿಗೆ ಹೇಳಲು ಸಮಯವಿಲ್ಲದ್ದನ್ನು ಹೇಳುವುದಕ್ಕೇ ನಾನಿರುವುದು. ಹೇಳದೆ ಕತ್ತರಿಸಿ ಕೊಟ್ಟ ಸ್ಟ್ರಿಪ್ಪುಗಳ ಲೆಕ್ಕ ನನ್ನಲ್ಲಿಲ್ಲ.

ಕಳೆದ ಯುಗಾದಿಯಿಂದ ನನ್ನ ಅಂಗಡಿಯ ಕವರುಗಳ ಮೇಲೆ ನಿಲ್ಲಿಸುವ ದಿನಾಂಕವನ್ನು ಕೈಯಾರೆ ಬರೆಯುತ್ತಿದ್ದೇನೆ. ಒಂದು ಕವರಿಗೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಆ ನಿವೃತ್ತ ಹಿರಿಯರು ತಮ್ಮ ವೈದ್ಯರನ್ನು ಕಂಡು ಮಾತ್ರೆಯನ್ನು ಮೊದಲು ದಿನ ಬಿಟ್ಟು ದಿನಕ್ಕೆ, ನಂತರ ವಾರಕ್ಕೆರಡಕ್ಕೆ ಇಳಿಸಿಕೊಂಡರು; ರಾತ್ರಿ ಹತ್ತಕ್ಕೆ ಉಂಡು ಕೂಡಲೇ ಮಲಗುತ್ತಿದ್ದವರು ಈಗ ಎಂಟಕ್ಕೆ ಉಣ್ಣುತ್ತಾರಂತೆ. ಮೊನ್ನೆ ಬಂದಾಗ ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಕೊಂಡು, ಕವರನ್ನು ತಿರುಗಿಸಿ, "ಇದರ ಮೇಲೆ ದಿನಾಂಕ ಹಾಕಿಲ್ಲವಲ್ಲಮ್ಮಾ" ಎಂದು ಕೇಳಿದರು. ಅದರ ಮೇಲೆ "ಶ್ರಾವಣದಲ್ಲಿ ವೈದ್ಯರನ್ನು ಮತ್ತೆ ಕಾಣಿ" ಎಂದು ಬರೆದುಕೊಟ್ಟೆ.

ತಮ್ಮ ಆದೇಶದ ನಿರೀಕ್ಷೆಯಲ್ಲಿ,

ಹನುಮಂತನಗರದ ಒಬ್ಬ ನೋಂದಾಯಿತ ಫಾರ್ಮಸಿಸ್ಟ್
ಬೆಂಗಳೂರು